ಬಾಗಿಲಲ್ಲಿದ್ದ ಆಯಮ್ಮ

ಹೋದ ತಿಂಗಳು ಸೀರೆಗೆ ಫಾಲ್ಸ್ ಹಾಕಿಸಲು ಬೆಂಗಳೂರಿನ ಹೊಸ ತಿಪ್ಪಸಂದ್ರದ ಮುಖ್ಯರಸ್ತೆಯ ಟೈಲರ್ ಅಂಗಡಿಗೆ ಹೋಗಿದ್ದೆ. ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಚಿಕ್ಕ ವಯಸ್ಸಿನ ಹೆಣ್ಣುಮಗಳೊಬ್ಬರು ಮೊಬೈಲಿನಿಂದ ಕಣ್ಣು ಕೀಳುತ್ತಿರಲಿಲ್ಲ. ಧಾರಾವಾಹಿ ಇರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಅವರೇ ಪರದೆಯನ್ನು ನನ್ನ ಕಡೆ ತಿರುಗಿಸಿ, “ನೋಡಿ ಆಂಟಿ, ನನ್ನ ಮಗಳು. ಇವತ್ತು ಅಳ್ತಾನೇ ಇಲ್ಲ” ಅಂದರು. ಪ್ಲೇ ಹೋಮ್‌ನ ಕ್ಯಾಮೆರಾ. ಮೇಲಿನಿಂದ ನೋಡಿದರೆ ಮಕ್ಕಳೆಲ್ಲ ಬರೀ ನೆತ್ತಿ, ಜುಟ್ಟು, ರಬ್ಬರ್ ಬ್ಯಾಂಡು. ನೆಲಕ್ಕೆ ಬಣ್ಣಬಣ್ಣದ ಮ್ಯಾಟು, ಗೋಡೆಗೆ ಜಿರಾಫೆ. ಮೂಲೆಯಲ್ಲಿ ಒಂದು ಮಗು ಮುಖ ಮುಚ್ಚಿಕೊಂಡು ಕೂತಿತ್ತು. ಪರದೆಯ ಅಂಚಿನಿಂದ ಬಳೆ ತೊಟ್ಟ ಕೈಯೊಂದು ಒಳಗೆ ಬಂತು, ಆ ಮಗುವನ್ನು ಎತ್ತಿಕೊಂಡು ಆಚೆ ಹೋಯಿತು. “ಅವರ್ಯಾರಮ್ಮ?” ಅಂದೆ. “ಯಾರೋ ಹೆಲ್ಪರು. ಹೆಸರು ಗೊತ್ತಿಲ್ಲ ಆಂಟಿ” ಅಂದರು.

ಮನೆಗೆ ನಡೆದು ಬರುವಷ್ಟು ಹೊತ್ತೂ ಆ ಕೈಯೇ ಕಣ್ಣ ಮುಂದೆ. ಅಂಥದೇ ಎರಡು ಕೈಗಳ ಪಕ್ಕದಲ್ಲಿ ನಿಂತು ನಾನು ಪಾಠ ಹೇಳುವುದನ್ನು ಕಲಿತವಳು. ಶಿಕ್ಷಕರ ಟಿಸಿಎಚ್ ತರಬೇತಿ ಆಮೇಲೆ ಆಯಿತು, ಸರ್ಕಾರಿ ನೌಕರಿಯೂ ಸಿಕ್ಕಿತು, ಮಕ್ಕಳ ಶಿಕ್ಷಣದ ಬಗ್ಗೆ ಕೈಗೆ ಸಿಕ್ಕ ಪುಸ್ತಕವನ್ನೆಲ್ಲ ಓದಿದೆ. ಆದರೆ ಮೂರು ವರ್ಷದ ಮಗುವಿಗೆ ಗುರುತಿಲ್ಲದ ಒಂದು ಕೋಣೆ ತನ್ನದು ಅನ್ನಿಸುವುದು ಹೇಗೆ ಎಂದು ತೋರಿಸಿಕೊಟ್ಟವರು ನಮ್ಮ ಶಿಶುವಿಹಾರದ ಆಯಮ್ಮ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಅವರ ಮನೆಯವರನ್ನು ಕೇಳದೆ ಹೆಸರು ಬರೆಯುವುದು ಸರಿಯಲ್ಲ ಎಂದು ಇಲ್ಲಿ ಬರೀ ಆಯಮ್ಮ ಅನ್ನುತ್ತೇನೆ.

ನಾನು ಮದುವೆಯಾಗಿ ಹಾಸನದ ಕಡೆಯ ಹಳ್ಳಿಯಿಂದ ಇಲ್ಲಿಗೆ ಬಂದದ್ದು 1984ರಲ್ಲಿ. ಯಜಮಾನರು ವಿಮಾನ ಕಾರ್ಖಾನೆಯಾದ ಎಚ್‌ಎಎಲ್‌ನಲ್ಲಿ ಫಿಟ್ಟರ್. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ 1940ರಲ್ಲಿ ಶುರುಮಾಡಿದ ಆ ಕಾರ್ಖಾನೆ ಈ ಭಾಗದ ಅರ್ಧ ಮನೆಗಳಿಗೆ ಅನ್ನ ಹಾಕುತ್ತಿತ್ತು. ಉಳಿದವರಲ್ಲಿ ಕೆಲವರು ಬೈಯಪ್ಪನಹಳ್ಳಿಯ ಎನ್‌ಜಿಇಎಫ್, ಕೆಲವರು ಬಿಇಎಂಎಲ್. ಹೆಂಗಸರಲ್ಲಿ ಹಲವರು ಇಂದಿರಾನಗರದ ಮನೆಗಳಿಗೆ ಕೆಲಸಕ್ಕೆ ಹೋಗುತ್ತಿದ್ದರು. ಒಂದು ವಠಾರದಲ್ಲಿ ಆರು ಮನೆ ಇದ್ದರೆ ನಾಲ್ಕು ಭಾಷೆ. ಹಲಸೂರಿನ ಕಡೆಯಿಂದ ಬಂದ ತಮಿಳರು, ಕೋಲಾರದ ಕಡೆಯ ತೆಲುಗು ಮನೆಗಳು, ಕಾರ್ಖಾನೆ ಕೆಲಸಕ್ಕೆಂದೇ ಬಂದ ಮಲಯಾಳಿಗಳು, ಉರ್ದು ಆಡುವವರು, ನಡುವೆ ನಮ್ಮಂಥ ಹಳೇ ಮೈಸೂರಿನ ಕನ್ನಡದವರು. ರಸ್ತೆ ಇಷ್ಟು ಗಿಜಿಗುಡುತ್ತಿರಲಿಲ್ಲ. ತಲೆಯ ಮೇಲಿನ ಸದ್ದು ಮಾತ್ರ ಈಗಿನದಕ್ಕಿಂತ ಹೆಚ್ಚು. ದೇವನಹಳ್ಳಿಯ ನಿಲ್ದಾಣ 2008ರ ಮೇ ತಿಂಗಳಲ್ಲಿ ಶುರುವಾಗುವವರೆಗೆ ಬೆಂಗಳೂರಿಗೆ ಬರುವ ಪ್ರಯಾಣಿಕರ ವಿಮಾನವೆಲ್ಲ ಇಳಿಯುತ್ತಿದ್ದುದು ನಮ್ಮ ಪಕ್ಕದ ಎಚ್‌ಎಎಲ್ ರನ್‌ವೇಗೆ. ಅದರ ಜೊತೆಗೆ ಕಾರ್ಖಾನೆಯ ಪರೀಕ್ಷಾ ಹಾರಾಟ ಬೇರೆ. ಇಲ್ಲಿಯ ಸುರಂಜನ್ ದಾಸ್ ರಸ್ತೆಗೆ ಹೆಸರು ಬಂದದ್ದೇ 1970ರಲ್ಲಿ ಮಾರುತ್ ವಿಮಾನದ ಪರೀಕ್ಷೆ ನಡೆಸುವಾಗ ತೀರಿಕೊಂಡ ಪೈಲಟ್ಟಿನಿಂದ.

ಮನೆಯಲ್ಲಿ ಕೂತು ಬೇಜಾರಾಗಿ ಮಹಿಳಾ ಸಮಾಜದವರು ನಡೆಸುತ್ತಿದ್ದ ಶಿಶುವಿಹಾರಕ್ಕೆ ಸೇರಿದೆ. ಬಾಡಿಗೆ ಮನೆ, ಶೀಟಿನ ಮಾಡು, ಒಂದು ಹಜಾರ, ಎರಡು ಕೋಣೆ, ಹಿತ್ತಲಲ್ಲಿ ಸೀಬೆ ಮರ ಮತ್ತು ನೀರಿನ ತೊಟ್ಟಿ. ಮಕ್ಕಳಿಗೆ ಜಮಖಾನ, ಸ್ಲೇಟು, ಬಳಪ. ಸಂಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಶಿಕ್ಷಕಿಯನ್ನು ಎಲ್ಲರೂ ದೊಡ್ಡ ಮಿಸ್ಸು ಅನ್ನುತ್ತಿದ್ದರು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಕೈಯಲ್ಲಿ ಮರದ ಸ್ಕೇಲು. ಜೋರಾಗಿ ಹೊಡೆಯುತ್ತಿದ್ದರು ಅಂತಲ್ಲ, ಸ್ಕೇಲನ್ನು ಮೇಜಿಗೆ ಕುಟ್ಟಿದರೆ ಸಾಕು, ಹಜಾರ ತಣ್ಣಗಾಗುತ್ತಿತ್ತು. “ಕೈ ಕಟ್ಟು, ಬಾಯಿ ಮುಚ್ಚು” ಎಂಬುದು ಅಲ್ಲಿನ ಮೊದಲ ಪಾಠ, ಅಕ್ಷರಕ್ಕಿಂತ ಮುಂಚಿನದು. ನೋಡಲು ಬಂದ ಸಮಾಜದ ಹೆಂಗಸರು ಆ ನಿಶ್ಶಬ್ದ ಕಂಡು ಮೆಚ್ಚಿಕೊಂಡು ಹೋಗುತ್ತಿದ್ದರು. ನನಗೂ ಆಗ ಅದು ಮೆಚ್ಚುವ ವಿಷಯವೇ ಅನಿಸಿತ್ತು. ನಾನು ಓದಿದ ಹಳ್ಳಿ ಶಾಲೆಯೂ ಹಾಗೇ ಇತ್ತಲ್ಲ.

ಜೂನ್ ಮೊದಲ ವಾರವೆಂದರೆ ಹಜಾರದ ತುಂಬ ಅಳು. ದೊಡ್ಡ ಮಿಸ್ಸಿನ ನಿಯಮ ಸರಳ: ತಾಯಿ ಮಗುವನ್ನು ಒಳಗೆ ಬಿಟ್ಟ ತಕ್ಷಣ ಗೇಟು ಹಾಕಬೇಕು, ಮಗು ಅಳಲಿ, ತಾನೇ ನಿಲ್ಲಿಸುತ್ತದೆ. ನಿಜ, ನಿಲ್ಲಿಸುತ್ತಿತ್ತು. ಅತ್ತು ಅತ್ತು ಸುಸ್ತಾಗಿ ಮಲಗುತ್ತಿತ್ತು, ಮಾರನೇ ದಿನ ಗೇಟು ಕಂಡ ಕೂಡಲೇ ಮತ್ತೆ ಶುರು. ಕೆಲವು ತಾಯಂದಿರು ಮಗು ಅತ್ತ ನೋಡಿದಾಗ ಇತ್ತ ಸದ್ದಿಲ್ಲದೆ ಜಾರಿಕೊಳ್ಳುತ್ತಿದ್ದರು. ಆಯಮ್ಮನಿಗೆ ಇದು ಕಂಡರೆ ಆಗುತ್ತಿರಲಿಲ್ಲ. “ಹೇಳಿ ಓಗಮ್ಮ, ಕದ್ದು ಓಗ್ಬ್ಯಾಡ. ನಾಳಿಕೆ ನಿನ್ನ ನಂಬಲ್ಲ ಅದು” ಎಂದು ಗೇಟಿನಲ್ಲೇ ತಡೆಯುತ್ತಿದ್ದರು. ಮಾಲೂರು ಕಡೆಯವರು. ಗಂಡ ತೀರಿಕೊಂಡ ಮೇಲೆ ಕಗ್ಗದಾಸಪುರ ಕೆರೆಯ ಹತ್ತಿರ ಅಣ್ಣನ ಮನೆಯ ಪಕ್ಕ ಒಂದು ಕೋಣೆ ಮಾಡಿಕೊಂಡಿದ್ದರು. ಕನ್ನಡ, ತೆಲುಗು ಮನೆಯವು; ತಮಿಳು ಹಲಸೂರಿನ ಸಂತೆಯಲ್ಲಿ ಕಲಿತದ್ದು; ಉರ್ದು ಬೇಕಾದಷ್ಟು.

ಒಂದು ಬೆಳಿಗ್ಗೆ ನಡೆದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಸಿರು ಲಂಗ ಹಾಕಿಕೊಂಡ ಪುಟ್ಟ ಹುಡುಗಿ ತಾಯಿಯ ಸೆರಗನ್ನು ಎರಡು ಕೈಯಲ್ಲೂ ಸುತ್ತಿಕೊಂಡು ನೇತುಬಿದ್ದಿದ್ದಳು. ನಾನು ಎತ್ತಿಕೊಳ್ಳಲು ಹೋದೆ, ಕಿರುಚಿದಳು. ಆಯಮ್ಮ ನನಗೆ ಕಣ್ಣಲ್ಲೇ ಬೇಡವೆಂದು ಹೇಳಿ, ಹುಡುಗಿಯ ಹತ್ತಿರವೂ ಸುಳಿಯದೆ, ಬಾಗಿಲ ಬಳಿ ಮಕ್ಕಳ ಚಪ್ಪಲಿ ಚೆಲ್ಲಾಪಿಲ್ಲಿ ಬಿದ್ದಿದ್ದ ಕಡೆ ಹೋಗಿ ಅವಳಿಗೆ ಬೆನ್ನು ಮಾಡಿ ಕುಕ್ಕರುಗಾಲಲ್ಲಿ ಕೂತರು. ಒಂದೊಂದೇ ಚಪ್ಪಲಿ ಎತ್ತಿ ಗೋಡೆಗೆ ಸಾಲಾಗಿ ಜೋಡಿಸತೊಡಗಿದರು. ಆಮೇಲೆ ತಮ್ಮಷ್ಟಕ್ಕೇ, “ಅಯ್ಯೋ, ಒಂದೇ ಐತಲ್ಲ, ಇದ್ರ ಜೊತೆ ಎಲ್ಲೋಯ್ತು?” ಅಂದರು. ಹುಡುಗಿಯ ಅಳು ಒಂದು ಶ್ರುತಿ ಇಳಿಯಿತು. ಆಯಮ್ಮ ಬೇರೆ ಬಣ್ಣದ ಚಪ್ಪಲಿ ಎತ್ತಿ ಅದರ ಪಕ್ಕ ಇಟ್ಟರು. “ಇದಾ?” ಸೆರಗಿನೊಳಗಿಂದ ಹುಡುಗಿ ಅಲ್ಲವೆಂದು ತಲೆ ಆಡಿಸಿದಳು. ಒಂದು ಕೈ ಬಿಡಿಸಿಕೊಂಡು ಬೆರಳು ತೋರಿಸಿದಳು. “ನನ್ ಕಣ್ಣು ಮಂಜು ಕಣಮ್ಮ, ನೀನೇ ತಂದ್ಕೊಡು.” ಹುಡುಗಿ ತಾಯಿಯ ಮುಖ ನೋಡಿದಳು, ಇನ್ನೊಂದು ಕೈಯನ್ನೂ ಬಿಟ್ಟಳು, ಹೋಗಿ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಎತ್ತಿಕೊಟ್ಟಳು. ಆಗ ಆಯಮ್ಮ ತಾಯಿಗೆ, “ಈವಾಗ ಹೇಳಿ ಓಗಮ್ಮ” ಅಂದರು.

ಅವತ್ತು ಆ ಹುಡುಗಿ ಅಳಲಿಲ್ಲ ಎಂದು ನಾನು ಬರೆದರೆ ಸುಳ್ಳಾಗುತ್ತದೆ. ಮಧ್ಯೆ ಮಧ್ಯೆ ಅತ್ತಳು. ಪ್ರತಿ ಸಲವೂ ಬಾಗಿಲಿಗೆ ಹೋಗಿ ಚಪ್ಪಲಿ ಸಾಲನ್ನು ನೋಡಿಕೊಂಡು ಬಂದಳು. ಕೆಲವೇ ದಿನಗಳಲ್ಲಿ ಆ ಸಾಲು ಅವಳ ವಶವಾಯಿತು. ಯಾವುದು ಯಾರದ್ದು, ಯಾವುದಕ್ಕೆ ಪಿನ್ನು ಚುಚ್ಚಿದ್ದಾರೆ, ಯಾವುದು ಅಣ್ಣನ ಹಳೇ ಚಪ್ಪಲಿ ಎಲ್ಲ ಬಾಯಿಪಾಠ. ನಾನು ಹಾಜರಿ ಕೂಗುವ ಮೊದಲೇ “ಮಿಸ್, ಪಿನ್ನಿನ ಚಪ್ಪಲಿ ಬಂದಿಲ್ಲ” ಅನ್ನುವಳು. ಎಡಗಾಲು ಬಲಗಾಲು, ದೊಡ್ಡದು ಚಿಕ್ಕದು, ಜೋಡಿ ಒಂಟಿ, ಇದ್ದದ್ದು ಇಲ್ಲದ್ದು, ಗಣಿತದ ತಳಪಾಯವೆಲ್ಲ ಆ ಬಾಗಿಲಲ್ಲಿ ಬಿದ್ದಿತ್ತು. ಅದಕ್ಕಿಂತ ದೊಡ್ಡದು, ಎಲ್ಲರಿಗೂ ಉಪಯೋಗಕ್ಕೆ ಬರುವ ಒಂದು ಕೆಲಸ ಅವಳ ಪಾಲಿಗೆ ಬಂದಿತ್ತು. ಅಳುವ ಮಗುವಿಗೆ ನಾವು ಪೆಪ್ಪರಮೆಂಟು ಕೊಡುತ್ತಿದ್ದೆವು. ಆಯಮ್ಮ ಕೆಲಸ ಕೊಡುತ್ತಿದ್ದರು. ಗಂಟೆ ಹೊಡೆಯುವುದು, ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸುವುದು, ಬಿದ್ದ ಸೀಬೆ ಎಲೆ ಹೆಕ್ಕುವುದು.

ಮುಂದೆ ಓದುವಾಗ ಮರಿಯಾ ಮಾಂಟೆಸ್ಸರಿ ಅವರ ಕಥೆ ಸಿಕ್ಕಿತು. ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ, ಕೂಲಿಗೆ ಹೋಗುವವರ ಮಕ್ಕಳಿಗಾಗಿ ಅವರು 1907ರ ಜನವರಿಯಲ್ಲಿ ತೆರೆದ ಕೋಣೆಯಲ್ಲಿ ಮಕ್ಕಳ ಅಳತೆಯ ಮೇಜು ಕುರ್ಚಿ ಇದ್ದವು, ನೀರು ಬಗ್ಗಿಸುವುದು, ಗುಂಡಿ ಹಾಕುವುದು, ಗುಡಿಸುವುದೇ ಪಾಠವಾಗಿತ್ತು. ಅವರು 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣ ಇಲ್ಲೇ ಉಳಿದು, ನೂರಾರು ಶಿಕ್ಷಕರನ್ನು ತಯಾರು ಮಾಡಿದರು. ಓದುತ್ತಾ ಓದುತ್ತಾ ನನಗೆ ನಮ್ಮ ಹಿತ್ತಲು, ಆ ಚೊಂಬು, ಆ ಚಪ್ಪಲಿ ಸಾಲು ಕಾಣುತ್ತಿತ್ತು. ಆ ಪದ್ಧತಿ ಹುಟ್ಟಿದ್ದು ಕೂಲಿಯವರ ಮಕ್ಕಳಿಗಾಗಿ. ಈಗ ನಮ್ಮ ಊರಿನಲ್ಲಿ ಅದೇ ಹೆಸರಿನ ಬೋರ್ಡು ಹಾಕಿಕೊಂಡ ಎಷ್ಟೋ ಕಡೆ ಕೂಲಿಯವರ ಮಕ್ಕಳು ಗೇಟಿನೊಳಗೆ ಕಾಲಿಡುವಂತಿಲ್ಲ. ಇದು ನನ್ನನ್ನು ಬಹಳ ನೋಯಿಸುತ್ತದೆ.

ಸಣ್ಣ ಮಕ್ಕಳ ಶಾಲೆಯ ಮಾತು ಬಂದಾಗ ಕಕ್ಕಸಿನ ಮಾತು ಆಡದೆ ಇರುವಂತಿಲ್ಲ. ಮೂರು ವರ್ಷದ ಮಗುವಿನ ಭಯದಲ್ಲಿ ಅರ್ಧ ಭಾಗ ಅದರದ್ದೇ. ಕೇಳಲು ಭಯ, ಕತ್ತಲಿಗೆ ಭಯ, ಚಡ್ಡಿ ಒದ್ದೆಯಾದರೆ ಉಳಿದವರು ನಗುವ ಭಯ. ದೊಡ್ಡ ಮಿಸ್ಸು ಗಂಟೆ ಹೊಡೆದಾಗ ಮಾತ್ರ ಬಿಡುತ್ತಿದ್ದರು. ಮಗುವಿನ ಹೊಟ್ಟೆಗೆ ಗಂಟೆ ಗೊತ್ತೇ? ಆಯಮ್ಮ ಮುಖ ನೋಡಿಯೇ ಎಬ್ಬಿಸಿಕೊಂಡು ಹೋಗುತ್ತಿದ್ದರು. ಆದರೂ ದಿನಕ್ಕೊಬ್ಬರಾದರೂ ಒದ್ದೆ ಮಾಡಿಕೊಳ್ಳುವರು. ಅದಕ್ಕೆ ಆಯಮ್ಮ ಒಂದು ಉಪಾಯ ಮಾಡಿದ್ದರು. ಮುಖ್ಯರಸ್ತೆಯ ಟೈಲರ್ ಒಬ್ಬರ ಹತ್ತಿರ ಮಿಕ್ಕಿದ ಪಟ್ಟೆಪಟ್ಟೆ ಬಟ್ಟೆ ಬೇಡಿ ತಂದು, ಒಂದೇ ಥರದ ಚಡ್ಡಿಗಳನ್ನು ಹೊಲಿಸಿ ಗಂಟು ಕಟ್ಟಿ ಇಟ್ಟಿದ್ದರು. ಒದ್ದೆಯಾದ ಮಗುವಿಗೆ ಅದು. ಸೀಬೆ ಹಣ್ಣು ಕೊಯ್ಯಲು ಸಹಾಯ ಮಾಡಿದ ಮಗುವಿಗೂ ಅದು, ಹಿತ್ತಲಲ್ಲಿ ನೀರಾಟ ಆಡಿದ ಮಗುವಿಗೂ ಅದೇ. ಹಾಗಾಗಿ ಪಟ್ಟೆ ಚಡ್ಡಿ ಹಾಕಿಕೊಂಡವನು ಉಚ್ಚೆ ಮಾಡಿಕೊಂಡನೋ ಬಹುಮಾನ ಪಡೆದನೋ ಯಾರಿಗೂ ಗೊತ್ತಾಗುತ್ತಿರಲಿಲ್ಲ. ‘ಆಯಮ್ಮನ ಚಡ್ಡಿ’ ಬೇಕೆಂದು ಮಕ್ಕಳು ಹಟ ಮಾಡುವಷ್ಟಕ್ಕೆ ಬಂತು. ತರಗತಿಯಲ್ಲಿ ಮಗುವಿನ ಮಾನ ಕಾಯುವುದು ಎಂದು ಈಗ ತರಬೇತಿಗಳಲ್ಲಿ ದಿನಗಟ್ಟಲೆ ಹೇಳುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನಗೆ ನೆನಪಾಗುವುದು ಆ ಪಟ್ಟೆ ಬಟ್ಟೆಯ ಗಂಟು.

ಮಾತೇ ಆಡದ ಹುಡುಗನೊಬ್ಬನಿದ್ದ. ತಮಿಳು ಮನೆ, ಅಪ್ಪ ಎಚ್‌ಎಎಲ್. ಸೇರಿ ತಿಂಗಳುಗಳಾದರೂ ಒಂದು ಶಬ್ದವಿಲ್ಲ. ಪದ್ಯ ಹೇಳುವಾಗ ಎಲ್ಲರೂ ಕೈ ಆಡಿಸಿದರೆ ಅವನು ಕಿಟಕಿ ನೋಡುತ್ತಾ ಕೂರುವನು. ಮಂದಬುದ್ಧಿ ಇರಬೇಕು, ತಂದೆಗೆ ಹೇಳಿ ಕಳಿಸೋಣ ಎಂದು ದೊಡ್ಡ ಮಿಸ್ಸು ತೀರ್ಮಾನಿಸಿದ್ದರು. ಆಯಮ್ಮ ಒಪ್ಪಲಿಲ್ಲ. ಹಿತ್ತಲಲ್ಲಿ ಅವನ ಜೊತೆ ತಮಿಳಿನಲ್ಲಿ ಮಾತಾಡುತ್ತಾ ಕೂರುವುದನ್ನು ನಾನು ನೋಡಿದ್ದೆ. ಒಂದು ದಿನ ನನ್ನನ್ನು ಕರೆದು, “ಮಿಸ್ಸೇ, ಇವನ್ನ ಇಮಾನ ಬಂದಾಗ ಕೇಳಿ” ಅಂದರು. ವಿಮಾನ ಬಂತೆಂದರೆ ನಾವು ಪಾಠ ನಿಲ್ಲಿಸಬೇಕಿತ್ತು, ಶೀಟಿನ ಮಾಡು ನಡುಗುತ್ತಿತ್ತು, ನಮಗೆಲ್ಲ ಅದು ಕಿರಿಕಿರಿ. ಆ ಹುಡುಗ ಆಕಾಶ ನೋಡುವ ಮೊದಲೇ, ಸದ್ದು ಕೇಳಿಯೇ, ಅದು ಚೇತಕ್ ಹೆಲಿಕಾಪ್ಟರೋ, ಕಿರಣ್ ತರಬೇತಿ ವಿಮಾನವೋ, ದಿಲ್ಲಿ ಬಾಂಬೆಗೆ ಹೋಗುವ ದೊಡ್ಡ ವಿಮಾನವೋ ಬೇರೆ ಮಾಡಿ ಹೇಳುತ್ತಿದ್ದ. ಅಪ್ಪ ಮನೆಯಲ್ಲಿ ಕಲಿಸಿದ್ದರು. ಕಿಟಕಿ ನೋಡುತ್ತಾ ಕೂತ ಅಷ್ಟು ದಿನವೂ ಅವನು ಕೇಳಿಸಿಕೊಳ್ಳುತ್ತಿದ್ದದ್ದು ಇದನ್ನು.

ಅವತ್ತಿನಿಂದ ಸದ್ದು ಬಂದಾಗಲೆಲ್ಲ ಅವನು ನಮ್ಮ ಮೇಷ್ಟರು. ಎಲ್ಲರೂ ಹಿತ್ತಲಿಗೆ ಓಡುವುದು, ಅವನು ಹೇಳುವುದು, ಉಳಿದವರು ಕೂಗುವುದು. ಮೊದಲು ತಮಿಳಿನಲ್ಲಿ ಹೇಳುತ್ತಿದ್ದವನು ಯಾವಾಗ ಕನ್ನಡಕ್ಕೆ ಹೊರಳಿದನೋ ನಮಗೆ ಗೊತ್ತೇ ಆಗಲಿಲ್ಲ. ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂಬ ಗೋಕಾಕ್ ಚಳವಳಿ ನಡೆದು ಎರಡು ಮೂರು ವರ್ಷವಾಗಿತ್ತು. ಕನ್ನಡದ ಮೇಲಿನ ಅಭಿಮಾನ ನನಗೂ ಉಕ್ಕುತ್ತಿತ್ತು, ಇವತ್ತಿಗೂ ಇದೆ. ಆದರೆ ಕನ್ನಡ ಅವನಿಗೆ ಬಂದದ್ದು ಅವನ ಮನೆಮಾತನ್ನು ಹೊರಗೆ ಬಿಟ್ಟು ಬಾ ಎಂದು ಯಾರೂ ಹೇಳದ ಕಾರಣಕ್ಕೆ. ಅದೇ ಕಾಲದಲ್ಲಿ ಈ ಕಡೆಯ ಕಾನ್ವೆಂಟ್ ಒಂದರಲ್ಲಿ ಕನ್ನಡ ಆಡಿದ ಮಗುವಿಗೆ ದಂಡ ಹಾಕುತ್ತಿದ್ದರು. ನಮ್ಮ ವಠಾರದ ಹುಡುಗಿಯೊಬ್ಬಳು ಆ ಭಯಕ್ಕೆ ಶಾಲೆಯಲ್ಲಿ ನೀರು ಕೇಳುವುದನ್ನೂ ಬಿಟ್ಟಿದ್ದಳು. ಮಗುವಿನ ಬಾಯಿಯಿಂದ ಒಂದು ಭಾಷೆ ಕಿತ್ತರೆ ಇನ್ನೊಂದು ತಾನಾಗಿ ಬಂದು ಕೂರುವುದಿಲ್ಲ. ಕನ್ನಡದ ಮಗುವಿಗೂ ಅಷ್ಟೇ, ತಮಿಳಿನ ಮಗುವಿಗೂ ಅಷ್ಟೇ, ಈಗ ಬಿಹಾರ, ಒಡಿಶಾ, ನೇಪಾಳದಿಂದ ಬಂದ ಕೂಲಿಯವರ ಮಗುವಿಗೂ ಅಷ್ಟೇ.

ಇಷ್ಟು ಹೇಳಿ ದೊಡ್ಡ ಮಿಸ್ಸನ್ನು ಕೆಟ್ಟವರನ್ನಾಗಿ ಮಾಡಿ ಬಿಟ್ಟರೆ ಅನ್ಯಾಯವಾದೀತು. ಒಂದು ಸಲ ಒಬ್ಬ ತಾಯಿ ಬಂದು, ತನ್ನ ಮಗನಿಗೆ ಆಯಮ್ಮನ ಕೈಯಿಂದ ನೀರು ಕುಡಿಸಬಾರದು, ಉಪ್ಪಿಟ್ಟು ತಿನ್ನಿಸಬಾರದು ಎಂದರು. ಕಾರಣ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನಾನು ಏನು ಹೇಳಬೇಕೆಂದು ತೋಚದೆ ನಿಂತಿದ್ದೆ. ದೊಡ್ಡ ಮಿಸ್ಸು ಎದ್ದು ಬಂದರು. “ಇಲ್ಲಿ ಎಲ್ಲಾ ಮಕ್ಕಳೂ ಅವರ ಕೈಯಲ್ಲೇ ತಿನ್ನೋದು. ನಾನೂ ಅವರು ಕೊಟ್ಟ ಕಾಫಿನೇ ಕುಡಿಯೋದು. ಒಪ್ಪಿಗೆ ಇಲ್ಲದಿದ್ರೆ ಮಗನ್ನ ಕರ್ಕೊಂಡು ಹೋಗಮ್ಮ, ಕಟ್ಟಿದ ಫೀಸು ವಾಪಸ್ ಕೊಡ್ತೀನಿ” ಅಂದರು. ಆ ತಾಯಿ ಹೋದರು, ಮಗು ಉಳಿಯಿತು. ಸ್ಕೇಲು ಕುಟ್ಟುವ ಅದೇ ಹೆಂಗಸು. ಅವರ ಸ್ಕೇಲನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಅವರು ಅವತ್ತು ಆ ಬಾಗಿಲಲ್ಲಿ ನಿಂತು ಅಷ್ಟು ಹೇಳದೆ ಇದ್ದಿದ್ದರೆ, ಆಯಮ್ಮ ಮಕ್ಕಳ ನಡುವಿನಿಂದ ಹಿತ್ತಲಿಗೆ ಸರಿಯಬೇಕಾಗುತ್ತಿತ್ತು.

ಆಯಮ್ಮನನ್ನೂ ದೇವರು ಮಾಡುವುದಿಲ್ಲ. ಊಟ ಮಾಡದ ಮಕ್ಕಳನ್ನು ಗುಮ್ಮ ಬರುತ್ತಾನೆ, ಇಂಜೆಕ್ಷನ್ ಡಾಕ್ಟರು ಬರುತ್ತಾರೆ ಎಂದು ಹೆದರಿಸುತ್ತಿದ್ದರು. ಡಾಕ್ಟರನ್ನು ಕಂಡರೆ ನಡುಗುವ ಮಕ್ಕಳನ್ನು ಹಾಗೆಯೇ ತಯಾರು ಮಾಡಿದೆವು. ಹೆಣ್ಣುಮಕ್ಕಳಿಗೆ ಗುಡಿಸುವ ಕೆಲಸ, ಗಂಡುಮಕ್ಕಳಿಗೆ ಗಂಟೆ ಹೊಡೆಯುವ ಕೆಲಸ ಎಂಬ ಭೇದವೂ ಅವರಲ್ಲಿತ್ತು. ನಾನು ಹೇಳಿದರೆ ನಕ್ಕು, “ಗಂಟೆ ಎತ್ರದಾಗೈತೆ ಮಿಸ್ಸೇ” ಅನ್ನುವರು. ಇವೆಲ್ಲ ಕೂತು ಮಾತಾಡಿದ್ದರೆ ಬದಲಾಗುವಂಥವು. ನಮಗೆಲ್ಲ ಸಮಾಜದವರು ಆಗಾಗ ತರಬೇತಿ ಕೊಡಿಸುತ್ತಿದ್ದರು, ಆಯಮ್ಮನನ್ನು ಯಾರೂ ಕರೆಯಲಿಲ್ಲ. ನಾವು ತರಬೇತಿಗೆ ಹೋದ ದಿನ ಮಕ್ಕಳನ್ನೆಲ್ಲ ಒಬ್ಬರೇ ನೋಡಿಕೊಂಡದ್ದು ಅವರೇ. ವರ್ಷದ ಕೊನೆಯ ಗ್ರೂಪ್ ಫೋಟೋದಲ್ಲೂ ಅವರಿಲ್ಲ. ಅಳುವ ಮಕ್ಕಳನ್ನು ನಗಿಸಲು ಫೋಟೋಗ್ರಾಫರನ ಪಕ್ಕ ನಿಂತಿದ್ದರು. ಸಂಬಳದ ಪುಸ್ತಕದಲ್ಲಿ ಹೆಬ್ಬೆಟ್ಟು. ಕಾಲು ನೋವು ಹೆಚ್ಚಾಗಿ ಕೆಲಸ ಬಿಟ್ಟ ದಿನ ಒಂದು ಸೀರೆ, ಒಂದು ಸ್ಟೀಲ್ ತಟ್ಟೆ ಕೊಟ್ಟರು. ಬೇರೇನೂ ಕೊಡಬೇಕು ಎಂದು ಯಾರಿಗೂ ತೋಚಲಿಲ್ಲ.

ಟಿಸಿಎಚ್ ಮಾಡಿಕೊಂಡು 1990ರ ದಶಕದಲ್ಲಿ ನಾನು ಸರ್ಕಾರಿ ಪ್ರಾಥಮಿಕ ಶಾಲೆ ಸೇರಿದೆ, ಕೆ.ಆರ್.ಪುರದ ಕಡೆ. ಬೆಂಚು, ಕರಿಹಲಗೆ, ಕೋಲು, ಮತ್ತದೇ “ಕೈ ಕಟ್ಟು, ಬಾಯಿ ಮುಚ್ಚು”. ಗುಜರಾತಿನ ಗಿಜುಭಾಯಿ ಬಧೇಕಾ ಅವರ ‘ದಿವಾಸ್ವಪ್ನ’ ನನಗೆ ಸಿಕ್ಕಿದ್ದು ಆಗ. ಅದರಲ್ಲಿ ಬರುವ ಮೇಷ್ಟರು ಮೊದಲ ದಿನ ಮಕ್ಕಳಿಂದ ಮೌನದ ಆಟ ಆಡಿಸಲು ಹೋಗಿ ಸೋತು, ಆಮೇಲೆ ಕಥೆ ಹೇಳಿ ಗೆಲ್ಲುತ್ತಾರೆ. ಅದನ್ನು ಓದಿ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಆಮೇಲೆ ನಲಿ-ಕಲಿ ಬಂತು. ಎಚ್.ಡಿ.ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ, ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದ ನಮ್ಮಂಥ ಶಿಕ್ಷಕರೇ ಯುನಿಸೆಫ್ ನೆರವಿನಿಂದ ಕಟ್ಟಿದ ಪದ್ಧತಿ. ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಬಂದದ್ದು 2009-10ರಲ್ಲಿ. ಕುರ್ಚಿ ಮೇಜು ಹೊರಗೆ, ಶಿಕ್ಷಕಿಯೂ ನೆಲದ ಮೇಲೆ, ಮಕ್ಕಳು ಗುಂಪುಗುಂಪಾಗಿ ‘ತಟ್ಟೆ’ಗಳಲ್ಲಿ, ತಲೆಯ ಮೇಲೆ ದಾರದ ಚಪ್ಪರ, ಗೋಡೆಗೆ ಕಲಿಕಾ ಏಣಿ. ಮಗು ಏಣಿಯಲ್ಲಿ ತಾನೆಲ್ಲಿದ್ದೇನೆ ಎಂದು ನೋಡಿ ತನ್ನ ಕಾರ್ಡು ತಾನೇ ತೆಗೆದುಕೊಳ್ಳಬೇಕು.

ಅಕ್ಷರ ಶುರುವಾಗುವುದು ಅ ಆ ಇ ಈ ಎಂದಲ್ಲ, ರ ಗ ಸ ದ ಅ ಎಂದು. ಹಿರಿಯ ಶಿಕ್ಷಕರು ಗೊಣಗಿದರು, ತಂದೆತಾಯಿ ಜಗಳಕ್ಕೇ ಬಂದರು. ಆದರೆ ಈ ಐದು ಅಕ್ಷರ ಬಂದ ಮಗು ಸರ, ದರ, ಅರಸ, ಗರಗಸ ಎಂದು ಓದಬಲ್ಲದು. ಐವತ್ತು ಅಕ್ಷರ ಮುಗಿಯಲಿ ಎಂದು ಕಾಯಬೇಕಿಲ್ಲ. ‘ಗರಗಸ’ ಓದಿದ ಹುಡುಗನೊಬ್ಬ, ಬಡಗಿಯ ಮಗ, ಕಾರ್ಡನ್ನು ಎದೆಗೊತ್ತಿಕೊಂಡು ಶಾಲೆಯೆಲ್ಲ ಓಡಾಡಿದ. ತನ್ನ ಮನೆಯ ವಸ್ತು ಶಾಲೆಯ ಕಾರ್ಡಿನಲ್ಲಿ ಸಿಕ್ಕಿತ್ತು ಅವನಿಗೆ. ಬಾಗಿಲಲ್ಲಿ ಚಪ್ಪಲಿ ಸಾಲನ್ನೂ ನಾನು ಅಲ್ಲಿ ಶುರುಮಾಡಿದೆ, ಯಾವ ಕಾರ್ಡಿನಲ್ಲೂ ಅದು ಇರಲಿಲ್ಲ.

ಎಲ್ಲ ಚೆಂದವಾಯಿತು ಎನ್ನಲಾರೆ. ಒಂದು ಎರಡು ಮೂರನೇ ತರಗತಿ ಒಟ್ಟಿಗೆ ಕೂಡಿಸುವುದು ಪದ್ಧತಿಯ ಭಾಗ. ಆದರೆ ಶಿಕ್ಷಕರ ಕೊರತೆ ಇದ್ದ ಕಡೆ ಅದು ಒಬ್ಬರ ಮೇಲೇ ಎಲ್ಲ ಹೊರಿಸುವ ದಾರಿಯೂ ಆಯಿತು. ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ದಾಖಲೆ ತುಂಬಿಸುವಷ್ಟರಲ್ಲಿ ಮಗುವಿನ ಮುಖ ನೋಡಲು ಹೊತ್ತು ಉಳಿಯುತ್ತಿರಲಿಲ್ಲ. ಮಕ್ಕಳು ಮಾಡಿದ್ದನ್ನು ನೇತುಹಾಕಬೇಕಾದ ಚಪ್ಪರದಲ್ಲಿ ಕೆಲವು ಕಡೆ ಅಂಗಡಿಯಿಂದ ತಂದ ಬಣ್ಣದ ಕಾಗದ ನೇತಾಡಿ ಧೂಳು ಹಿಡಿಯಿತು. ಕೋಲು ಮಾತ್ರ ನಿಜವಾಗಿ ಕಡಿಮೆಯಾಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಆ ಕಾಯ್ದೆಯ ಹಕ್ಕು ಆರರಿಂದ ಹದಿನಾಲ್ಕು ವರ್ಷದವರಿಗೆ. ಎಲ್ಲರಿಗಿಂತ ಹೆಚ್ಚು ಹೆದರುವ ಮೂರು-ನಾಲ್ಕು ವರ್ಷದ ಮಗು ಅದರ ಲೆಕ್ಕದಿಂದ ಹೊರಗೇ ಉಳಿಯಿತು.

ಈಗಿನ ಪ್ಲೇ ಹೋಮ್‌ಗಳ ಬಗ್ಗೆ ನನಗೆ ಮುನಿಸಿಲ್ಲ. ಮಕ್ಕಳ ಅಳತೆಯ ಕಕ್ಕಸು, ಬೆಳಕು ಗಾಳಿ, ಬಣ್ಣ, ಹೊಡೆಯದ ಶಿಕ್ಷಕಿಯರು, ಇವೆಲ್ಲ ನಾವು ಕನಸು ಕಂಡದ್ದೇ. ಕೆಲಸಕ್ಕೆ ಹೋದ ತಾಯಿ ಕ್ಯಾಮೆರಾದಲ್ಲಿ ಮಗಳನ್ನು ನೋಡಿಕೊಂಡು ನೆಮ್ಮದಿಯ ಉಸಿರು ಬಿಟ್ಟರೆ ಅದರಲ್ಲಿ ತಪ್ಪೇನಿದೆ? ನನ್ನ ಕಳವಳ ಆ ಬಳೆ ಕೈಯದ್ದು. ಈ ಸುತ್ತಮುತ್ತ ಮಕ್ಕಳನ್ನು ಎತ್ತಿಕೊಳ್ಳುವವರು ಹೆಚ್ಚಾಗಿ ರಾಯಚೂರು, ಯಾದಗಿರಿ, ಕಲಬುರಗಿಯಿಂದ ದುಡಿಯಲು ಬಂದ ಹೆಂಗಸರು. ಒಬ್ಬರನ್ನು ಬಸ್ ಸ್ಟಾಪಿನಲ್ಲಿ ಮಾತಾಡಿಸಿದೆ. ಮಕ್ಕಳ ಜೊತೆ ಕನ್ನಡ ಮಾತಾಡಬೇಡಿ, ಇಂಗ್ಲಿಷ್ ಬರದಿದ್ದರೆ ಸುಮ್ಮನಿರಿ ಎಂದು ಅವರಿಗೆ ಹೇಳಿದ್ದಾರಂತೆ. “ಅಳೋ ಕೂಸಿನ ಮುಂದ ಸುಮ್ಕ ಹ್ಯಾಂಗ ಇರೂದ್ರೀ?” ಎಂದು ಕೇಳಿದರು. ಎಷ್ಟು ದಿನದಿಂದ ಇದ್ದೀರಿ ಎಂದು ಕೇಳಿದೆ. ಮೂರು ತಿಂಗಳು, ಅವರಿಗಿಂತ ಮುಂಚೆ ಇದ್ದವರೂ ಅಷ್ಟೇ ದಿನ ಇದ್ದು ಬಿಟ್ಟರಂತೆ. ಮಗು ಒಬ್ಬರ ತೋಳಿಗೆ ಒಗ್ಗುವ ಹೊತ್ತಿಗೆ ತೋಳು ಬದಲಾಗುತ್ತದೆ. ಇದಕ್ಕೆ ಎಷ್ಟು ದುಬಾರಿ ಆಟಿಕೆ ತಂದಿಟ್ಟರೂ ಪರಿಹಾರವಿಲ್ಲ.

ಸರ್ಕಾರದ ಕಡೆ ನೋಡಿದರೆ, ಅಂಗನವಾಡಿಗಳು ಶುರುವಾಗಿ ಅರ್ಧ ಶತಮಾನ ಕಳೆಯಿತು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ನಮ್ಮ ರಾಜ್ಯದಲ್ಲಿ ಆ ಭಾಗ್ಯ ಸಿಕ್ಕಿದ್ದು ತಿ.ನರಸೀಪುರಕ್ಕೆ. ಅಂಗನವಾಡಿ ಕಾರ್ಯಕರ್ತೆ, ಸಹಾಯಕಿಯರಿಗೆ ಗ್ರಾಚ್ಯುಟಿ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರ ಏಪ್ರಿಲ್‌ನಲ್ಲಿ. ಆ ಸುದ್ದಿ ಓದಿದ ದಿನ ನಮ್ಮ ಆಯಮ್ಮನ ಸ್ಟೀಲ್ ತಟ್ಟೆ ನೆನೆದು ಅತ್ತೆ. ಸಣ್ಣ ಮಕ್ಕಳ ತರಗತಿ ಚೆನ್ನಾಗಿರಬೇಕು ಎನ್ನುವವರು ಮೊದಲು ಮಾಡಬೇಕಾದ ಕೆಲಸ ಇದು: ಬಾಗಿಲಲ್ಲಿ ಮಗುವನ್ನು ಎತ್ತಿಕೊಳ್ಳುವವರಿಗೆ ವರ್ಷಗಟ್ಟಲೆ ನಿಲ್ಲುವಷ್ಟು ಸಂಬಳ, ಅವರ ಮಾತಿನಲ್ಲೇ ತರಬೇತಿ, ಮಗುವಿನೊಡನೆ ತಮ್ಮ ಭಾಷೆಯಲ್ಲಿ ಮಾತಾಡುವ ಸ್ವಾತಂತ್ರ್ಯ. ಗೋಡೆಯ ಜಿರಾಫೆ ಆಮೇಲೆ ಬರಲಿ.

ನನ್ನ ನಿವೃತ್ತಿಗೆ ಸ್ವಲ್ಪ ಮುಂಚೆ ಶಾಲೆಗೆ ಸುಣ್ಣಬಣ್ಣ ಮಾಡಿಸಿದಾಗ ಸಿಬ್ಬಂದಿಯ ಹೆಸರಿನ ಫಲಕವನ್ನೂ ಹೊಸದಾಗಿ ಬರೆಸಿದೆವು. ಬಿಸಿಯೂಟ ಬಡಿಸುವ, ಚಿಕ್ಕ ಮಕ್ಕಳ ಕೈಬಾಯಿ ತೊಳೆಸುವ ಇಬ್ಬರ ಹೆಸರೂ ಬರಬೇಕು, ಶಿಕ್ಷಕಿಯರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಬರಬೇಕು ಎಂದು ಹಟ ಹಿಡಿದೆ. ಮುಖ್ಯ ಶಿಕ್ಷಕಿ ಒಪ್ಪಿದರು. ಪೇಂಟರ್ ಇನಿಷಿಯಲ್ ಕೇಳಿದ. ಇಬ್ಬರಲ್ಲಿ ಒಬ್ಬರು ತಮ್ಮ ಅಪ್ಪನ ಹೆಸರಿನ ಅಕ್ಷರ ಹಾಕಿಸಿದರು, ಇನ್ನೊಬ್ಬರು ಅವ್ವನದ್ದು ಹಾಕಿ ಎಂದರು. ಬಣ್ಣ ಒಣಗುವ ಮೊದಲೇ ಒಂದನೇ ತರಗತಿಯ ಮಕ್ಕಳು ಫಲಕದ ಮುಂದೆ ಗುಂಪು ಕಟ್ಟಿ, ತಮಗೆ ಬರುವ ಅಕ್ಷರಗಳನ್ನು ಆ ಹೆಸರುಗಳಲ್ಲಿ ಹುಡುಕತೊಡಗಿದರು. ಒಬ್ಬಳಿಗೆ ‘ಸ’ ಸಿಕ್ಕಿತು, ಇನ್ನೊಬ್ಬನಿಗೆ ‘ರ’. ಮೂರನೆಯವನು ಓಡಿಹೋಗಿ ಊಟದ ಕೋಣೆಯಿಂದ ಆ ಇಬ್ಬರಲ್ಲೊಬ್ಬರನ್ನು ಕೈ ಹಿಡಿದು ಎಳೆದು ತಂದು, “ಅಜ್ಜೀ, ಇದು ನಿಮ್ದು” ಎಂದು ತೋರಿಸಿದ.